ಗೃಹನಿರ್ಮಿತ ಬಾಲಚಿತ್ರ ಪ್ರದರ್ಶನ ಫಲಕ: ಒಂದು ಬಹುಶಿಸ್ತೀಯ ಅನುಸಂಧಾನ

1. ಪೀಠಿಕೆ

ಮಗುವಿನ ಕೈಯಿಂದ ಹೊರಟ ಗೆರೆಯು ಗೋಡೆಯೊಡನೆ ಮುಖಾಮುಖಿಯಾಗುವ ಚಾರಿತ್ರಿಕ ಸಂದರ್ಭದಲ್ಲಿ, ಗೆರೆಯ ಅಸ್ಮಿತೆಗೂ ಗೋಡೆಯ ಯಜಮಾನಿಕೆಗೂ ನಡುವೆ ಏರ್ಪಡುವ ಸಂಘರ್ಷವನ್ನು ಅರಗಿಸಿಕೊಂಡು ನಿಲ್ಲುವ ಮಧ್ಯಂತರ ನೆಲೆಯನ್ನೇ ನಾವಿಲ್ಲಿ ಫಲಕವೆಂದು ಗ್ರಹಿಸಬೇಕಾಗುತ್ತದೆ. ಈ ನೆಲೆಯ ತಾತ್ವಿಕತೆಯನ್ನು ಕನ್ನಡದ ಸಂಸ್ಕೃತಿ ಚಿಂತನೆ ಇದುವರೆಗೆ ಕಟ್ಟಿಕೊಟ್ಟಿಲ್ಲ. ಆ ಕೊರತೆಯನ್ನು ನೀಗುವ ವಿನಮ್ರ ಪ್ರಯತ್ನವಿದು. ವಿನಮ್ರ ಎಂದು ಒಂದು ಸಲವಾದರೂ ಹೇಳದೆ ಪೀಠಿಕೆ ಮುಗಿಯುವುದಿಲ್ಲ ಎಂದು ಬಲ್ಲವರು ತಿಳಿಸಿದ್ದರಿಂದ ಅದನ್ನೂ ಸೇರಿಸಲಾಗಿದೆ.

ವಸ್ತು ಇಷ್ಟೇ: ಮಕ್ಕಳು ಶಾಲೆಯಿಂದ ತರುವ ಚಿತ್ರಗಳನ್ನು ಮನೆಯಲ್ಲಿ ಹಾಕಿಡಲು ಹಳೇ ರಟ್ಟಿನಲ್ಲಿ ಒಂದು ಬೋರ್ಡು ಮಾಡಿಕೊಳ್ಳುವುದು. ಆದರೆ ಹೀಗೆ ಒಂದೇ ವಾಕ್ಯದಲ್ಲಿ ಹೇಳಿಬಿಟ್ಟರೆ ಅದಕ್ಕೆ ಯಾರು ತಾನೇ ಬೆಲೆ ಕೊಟ್ಟಾರು? ಆದ್ದರಿಂದ ಇನ್ನು ಮುಂದೆ ಇದನ್ನು 'ಗೃಹನಿರ್ಮಿತ ಬಾಲಚಿತ್ರ ಪ್ರದರ್ಶನ ಫಲಕ' ಎಂದೂ, ಉಸಿರು ಉಳಿಸುವ ದೃಷ್ಟಿಯಿಂದ 'ಗೃಬಾಪ್ರಫ' ಎಂದೂ ಕರೆಯಲಾಗುವುದು.

ಪ್ರೇರಣೆ ದೊರೆತದ್ದು ಮಗಳ ಶಾಲೆಯವರು ಪೋಷಕರಿಗಾಗಿ ಏರ್ಪಡಿಸಿದ್ದ ಕಾರ್ಯಾಗಾರದಲ್ಲಿ. ಸಂಪನ್ಮೂಲ ವ್ಯಕ್ತಿಯೊಬ್ಬರು ಊಟದ ಹೊತ್ತು ಮೀರಿದರೂ ಬಿಡದೆ 'ಸೃಜನಶೀಲ ಅವಕಾಶದ ಸಹ-ನಿರ್ಮಾಣ', 'ದೃಶ್ಯ ಸಾಕ್ಷರತೆಯ ಕಲಿಕಾ ಫಲಗಳು', 'ಸುಗಮಕಾರರಾಗಿ ಪೋಷಕರು' ಎಂದು ಸ್ಲೈಡಿನ ಮೇಲೆ ಸ್ಲೈಡು ತೋರಿಸಿದರು. ಬಾಣ, ವೃತ್ತ, ಪಿರಮಿಡ್ಡು, ಮತ್ತೆ ಬಾಣ. ಅಷ್ಟೂ ಸ್ಲೈಡುಗಳಲ್ಲಿ ಒಂದು ಮಗು ಬರೆದ ಒಂದು ಚಿತ್ರವೂ ಇರಲಿಲ್ಲ. ಕೊನೆಗೆ ಫೀಡ್‌ಬ್ಯಾಕ್ ಫಾರಂ ಕೊಟ್ಟರು. ಅದರಲ್ಲಿ ಅಭಿಪ್ರಾಯಕ್ಕೆ ಎರಡು ಗೆರೆ ಜಾಗವಿತ್ತು. ಅದರಲ್ಲಿ ಹಿಡಿಸದೆ ಉಳಿದದ್ದು ಇಲ್ಲಿದೆ.

1.1 ವ್ಯಾಪ್ತಿ ಮತ್ತು ಮಿತಿ

ಅಧ್ಯಯನದ ಕ್ಷೇತ್ರ ಒಂದು ಬಾಡಿಗೆ ಮನೆಯ ನಡುಮನೆ. ಮಾದರಿಯ ಗಾತ್ರ, ಒಂದನೇ ಕ್ಲಾಸಿನ ಒಂದು ಮಗು. ತೌಲನಿಕ ಉದ್ದೇಶಕ್ಕಾಗಿ ನಮ್ಮಕ್ಕ ಪಾಠ ಮಾಡುವ ಹಳ್ಳಿಯ ಸರ್ಕಾರಿ ಶಾಲೆಯ ಗೋಡೆಗಳನ್ನೂ ಅವಲೋಕಿಸಲಾಗಿದೆ. ಅಧ್ಯಯನದ ಮುಖ್ಯ ಮಿತಿ ಮನೆ ಓನರ್ರು. ಕರಾರುಪತ್ರದಲ್ಲಿ 'ಗೋಡೆಗಳಿಗೆ ಮೊಳೆ ಹೊಡೆಯತಕ್ಕದ್ದಲ್ಲ' ಎಂದಿದೆ. ಈ ಪಠ್ಯವನ್ನು ಸ್ತ್ರೀವಾದಿ, ವಸಾಹತೋತ್ತರ ಮತ್ತು ನಿರಚನವಾದಿ ನೆಲೆಗಳಿಂದ ಮರು ಓದಿಗೆ ಒಳಪಡಿಸಿದರೂ ಬೇರೆ ಅರ್ಥ ಹೊರಡಲಿಲ್ಲ.

2. ಪೂರ್ವಸೂರಿಗಳು

ಗೃಬಾಪ್ರಫದ ಬೇರು ನಮ್ಮ ನೆಲದಲ್ಲೇ ಇದೆಯೆಂದು ಹೇಳಿಕೊಳ್ಳದಿದ್ದರೆ ಅನುದಾನ ಸಿಗುವುದಿಲ್ಲ. ಅದೃಷ್ಟಕ್ಕೆ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಅಡುಗೆ, ಆನೆ, ಮೀನು ಹಿಡಿಯುವ ಬಗೆ ಇವುಗಳ ಜೊತೆಗೇ ಚಿತ್ರ ಬರೆಯಲು ಗೋಡೆಯನ್ನು ಹೇಗೆ ಹದ ಮಾಡಬೇಕೆಂಬುದೂ ಬರುತ್ತದೆ. ಎಮ್ಮೆಯ ಹಸಿ ಚರ್ಮವನ್ನು ಬೆಣ್ಣೆಯ ಹದಕ್ಕೆ ಬರುವ ತನಕ ಬೇಯಿಸಿ, ಕಡ್ಡಿ ಮಾಡಿ ಒಣಗಿಸಿಟ್ಟುಕೊಂಡರೆ ಅದು 'ವಜ್ರಲೇಪ' ಎಂಬ ಅಂಟು. ಬೇಕಾದಾಗ ನೀರಿನಲ್ಲಿ ಕಾಯಿಸಿ, ಬಿಳಿ ಮಣ್ಣಿಗೆ ಕಲಸಿ ಗೋಡೆಗೆ ಬಳಿಯುವುದು. ಒಬ್ಬ ಚಕ್ರವರ್ತಿ ಕೂತು ಅಂಟು ಕಾಯಿಸುವ ವಿಧಾನ ಬರೆದದ್ದನ್ನು ನೆನೆದರೆ ನನಗೆ ನಿಜಕ್ಕೂ ಗೌರವ ಬರುತ್ತದೆ. ದೊರೆಗೆ ಮನೆ ಓನರ್ ಇರಲಿಲ್ಲ ಎಂಬುದನ್ನೂ ಇಲ್ಲಿಯೇ ದಾಖಲಿಸಬೇಕು.

ಪಶ್ಚಿಮದ ಕಡೆ ಹೋದರೆ, ಆಸ್ಟ್ರಿಯಾದ ಫ್ರಾನ್ಸ್ ಚಿಜೆಕ್ 1897ರಲ್ಲಿ ವಿಯೆನ್ನಾದಲ್ಲಿ ಮಕ್ಕಳಿಗೆಂದೇ ಕಲಾ ತರಗತಿ ತೆರೆದವನು. ಫ್ರಾನ್ಸಿನ ತತ್ತ್ವಶಾಸ್ತ್ರಜ್ಞ ಜಾರ್ಜ್ ಹೆನ್ರಿ ಲ್ಯೂಕೆ 1913ರಲ್ಲಿ ತನ್ನ ಮಗಳು ಬರೆದ ಚಿತ್ರಗಳ ಮೇಲೆಯೇ ಒಂದು ಗ್ರಂಥ ಹೊರತಂದ. ಮಗಳ ಚಿತ್ರವನ್ನು ನೆಪ ಮಾಡಿಕೊಂಡು ಪ್ರಬಂಧ ಬರೆಯುವ ಅಪ್ಪಂದಿರಿಗೆ ಆತನೇ ಮೂಲಪುರುಷ. ಮಗು ಕಣ್ಣಿಗೆ ಕಂಡದ್ದಕ್ಕಿಂತ ತನಗೆ ಗೊತ್ತಿರುವುದನ್ನು ಬರೆಯುತ್ತದೆ ಎಂದು ಆತ ಗುರುತಿಸಿದ. ಮನೆಯ ಗೋಡೆಯಾಚೆ ಮಂಚ, ಒಲೆ, ಬೆಕ್ಕು ಎಲ್ಲವೂ ಕಾಣುವ ಹಾಗೆ, ಬಸುರಿಯ ಹೊಟ್ಟೆಯೊಳಗೆ ಪಾಪು ಕಾಣುವ ಹಾಗೆ ಮಕ್ಕಳು ಬರೆಯುವುದು ಅದಕ್ಕೇ. ಅಮೆರಿಕದ ರೋಡಾ ಕೆಲ್ಲಾಗ್ ಪುಟ್ಟ ಮಕ್ಕಳ ಚಿತ್ರಗಳನ್ನು ಲಕ್ಷಗಟ್ಟಲೆ ಕೂಡಿಸಿ, ಗೀಚುವುದರಲ್ಲೇ 20 ಮೂಲ ಬಗೆಗಳಿವೆ ಎಂದು ತೋರಿಸಿದಳು. ನಾವು 'ಏನೋ ಗೀಚಿದೆ ಬಿಡಿ' ಎಂದು ಎಸೆಯುವ ಕಾಗದದಲ್ಲಿ ಚುಕ್ಕಿ, ಅಡ್ಡಗೆರೆ, ಸುರುಳಿ, ಸುತ್ತು ಎಂದು ಇಪ್ಪತ್ತು! ಇಷ್ಟು ತಾಳ್ಮೆಯಿಂದ ನೋಡಿದ ಹೆಂಗಸನ್ನು ಅಣಕಿಸುವ ಉದ್ದೇಶ ಈ ಪ್ರಬಂಧಕ್ಕಿಲ್ಲ. ಅವಳ ಹೆಸರನ್ನು ಸ್ಲೈಡಿಗೆ ಹಾಕಿ, ಮಗು ಬರೆದದ್ದನ್ನು ಕಸದಬುಟ್ಟಿಗೆ ಹಾಕುವವರನ್ನಷ್ಟೇ ಅಣಕಿಸುವುದಿದೆ.

ಇನ್ನೊಂದು ಪೂರ್ವನಿದರ್ಶನ ಹರಿಪುರದ್ದು. 1938ರಲ್ಲಿ ಗುಜರಾತಿನ ಹರಿಪುರದಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಗಾಂಧೀಜಿ ಮಾತಿಗೆ ಕಲಾವಿದ ನಂದಲಾಲ್ ಬೋಸರು ಚಿತ್ರಫಲಕ ಮಾಡಿಕೊಟ್ಟರು. ಕೈಕಾಗದ, ಅಗ್ಗದ ರಟ್ಟು, ಮಣ್ಣಿನ ಬಣ್ಣ. ಚಿತ್ರದಲ್ಲಿದ್ದವರು ಮದ್ದಳೆ ಬಾರಿಸುವವನು, ಬಡಗಿ, ಭತ್ತ ಕುಟ್ಟುವ ಹೆಂಗಸು. ದಾರಿಯಲ್ಲಿ ನಡೆದುಹೋಗುವ ಹಳ್ಳಿಯವರ ಕಣ್ಣಿಗೆ ಬೀಳುವ ಹಾಗೆ ನಿಲ್ಲಿಸಿದ್ದರು. ಯಾರಿಗಾಗಿ ಮಾಡಿದ್ದೋ ಅವರ ಕಣ್ಣಿಗೆ ಬೀಳಬೇಕು ಎಂಬ ಈ ಸೂತ್ರವನ್ನು ಓದುಗರು ನೆನಪಿಟ್ಟುಕೊಳ್ಳಬೇಕು, 5ನೇ ಭಾಗದಲ್ಲಿ ಬೇಕಾಗುತ್ತದೆ.

3. ಸಂಪ್ರದಾಯ ಭೇದಗಳು

ಚಿತ್ರವನ್ನು ಆಧಾರಕ್ಕೆ ಹೊಂದಿಸುವ ಬಗೆಯನ್ನು ಅನುಸರಿಸಿ ಗೃಬಾಪ್ರಫದಲ್ಲಿ ಮೂರು ಪ್ರಮುಖ ಸಂಪ್ರದಾಯಗಳನ್ನು ಗುರುತಿಸಬಹುದು.

3.1 ಕೀಲಕ ಸಂಪ್ರದಾಯ. ಗುಂಡುಸೂಜಿ ಮತ್ತು ಪುಶ್ ಪಿನ್ನುಗಳನ್ನು ಪ್ರಮಾಣವೆಂದು ಒಪ್ಪಿದವರು. ಇವರಲ್ಲಿ ನಾಲ್ಕು ಮೂಲೆಗೂ ಪಿನ್ನು ಬೇಕೆನ್ನುವ ಚತುಷ್ಕೀಲಕರು, ಮೇಲಿನ ಎರಡೇ ಸಾಕೆನ್ನುವ ದ್ವಿಕೀಲಕರು, ನಟ್ಟನಡುವೆ ಒಂದೇ ಚುಚ್ಚುವ ಏಕಕೀಲಕರು ಎಂಬ ಒಳಪಂಗಡಗಳಿವೆ. ಏಕಕೀಲಕರ ಚಿತ್ರ ಫ್ಯಾನ್ ಹಾಕಿದೊಡನೆ ತಿರುಗುತ್ತದೆ. ಮನೆಯಲ್ಲಿ ತೆವಳುವ ಕೂಸಿದ್ದರೆ ಈ ಸಂಪ್ರದಾಯ ಪೂರ್ತಿ ನಿಷಿದ್ಧ. ಬಿದ್ದ ಪಿನ್ನು ಮೊದಲು ಹೋಗುವುದು ಬಾಯಿಗೆ.

3.2 ಲೇಪಕ ಸಂಪ್ರದಾಯ. ಅಂಟು, ಸೆಲ್ಲೋ ಟೇಪು, ಡಬಲ್ ಸೈಡ್ ಟೇಪು. ಅಂಟಿದ್ದು ಅಂಟಿತು ಎಂಬ ಅದ್ವೈತ ಇವರದು. ಚಿತ್ರ ತೆಗೆಯುವಾಗ ಗೋಡೆಯ ಬಣ್ಣವೂ ಹಪ್ಪಳದ ಹಾಗೆ ಎದ್ದು ಬರುತ್ತದೆ, ಅಡ್ವಾನ್ಸ್ ವಾಪಸ್ ಕೊಡುವಾಗ ಓನರ್ರು ಅದನ್ನು ಮರೆಯುವುದಿಲ್ಲ. ಥರ್ಮೋಕೋಲ್‌ವಾದಿಗಳು ಇದರದೇ ಶಾಖೆ. ಪಾದರಕ್ಷೆಗೆ ಹಾಕುವ ಘಾಟು ಅಂಟನ್ನು ಥರ್ಮೋಕೋಲಿಗೆ ಸವರಿದರೆ ಥರ್ಮೋಕೋಲೇ ಕರಗಿ ಗುಂಡಿ ಬೀಳುತ್ತದೆ. ನೀರಿನಲ್ಲಿ ಕರಗುವ ಬಿಳಿ ಅಂಟಾದರೆ ತೊಂದರೆಯಿಲ್ಲ. ಆದರೆ ಅಲಂಕಾರದ ಥರ್ಮೋಕೋಲನ್ನು ದೇಶದಾದ್ಯಂತ 2022ರ ಜುಲೈ 1ರಿಂದ ನಿಷೇಧಿಸಲಾಗಿದೆ. ಆಮೇಲೂ ಥರ್ಮೋಕೋಲಿನ ಮೇಲೆ ಹಸಿರು ಅಕ್ಷರದಲ್ಲಿ 'ಪರಿಸರ ಉಳಿಸಿ' ಎಂದು ಕತ್ತರಿಸಿ ಅಂಟಿಸಿದ ಶಾಲಾ ಫಲಕಗಳನ್ನು ಕ್ಷೇತ್ರಕಾರ್ಯದಲ್ಲಿ ಕಂಡಿದ್ದೇನೆ. ಇದನ್ನು ವಿರೋಧಾಭಾಸ ಅಲಂಕಾರದ ಅಡಿಯಲ್ಲಿ ಚರ್ಚಿಸಬಹುದು.

3.3 ಲಂಬಕ ಸಂಪ್ರದಾಯ. ಕಿಟಕಿ ಸರಳಿನಿಂದ ಸರಳಿಗೆ ಸೆಣಬಿನ ಹುರಿ ಎಳೆದು, ಬಟ್ಟೆ ಒಣಹಾಕುವ ಕ್ಲಿಪ್ಪಿನಲ್ಲಿ ಚಿತ್ರ ಸಿಕ್ಕಿಸುವುದು. ಇದು ಅತ್ಯಂತ ಪ್ರಾಚೀನವೂ ಅಗ್ಗವೂ ಹೌದು. ಪ್ರಬಂಧಕಾರನ ಒಲವು ಇತ್ತ ಇದೆ, ಪೂರ್ವಗ್ರಹವೆನ್ನಿ.

3.4 ಫ್ರಿಜ್ಜಿನ ಬಾಗಿಲಿಗೆ ಕಾಂತದ ಬಿಲ್ಲೆ ಹಚ್ಚುವವರದು ಅಯಸ್ಕಾಂತ ಸಂಪ್ರದಾಯ. ಇದರ ಬಗ್ಗೆ

ಬೇಡ ಬಿಡಿ. ಈ ವಿಂಗಡಣೆ ನನಗೇ ಬೇಜಾರಾಯಿತು. 3.5, 3.6 ಬರೆದಿಲ್ಲ.

4. ನಿರ್ಮಾಣ ವಿಧಿ

ಕಾರ್ಯಾಗಾರದಲ್ಲಿ ಇಷ್ಟನ್ನು ಮಾತ್ರ ಹೇಳಿದ್ದರೆ ಎಲ್ಲರೂ ಊಟದ ಹೊತ್ತಿಗೆ ಮನೆ ಸೇರುತ್ತಿದ್ದೆವು.

ಕಿರಾಣಿ ಅಂಗಡಿಯಲ್ಲಿ ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆ ಕೇಳಿದರೆ ಕೊಡುತ್ತಾರೆ, ಫ್ರಿಜ್ಜು ಮಾರುವ ಅಂಗಡಿಯಲ್ಲಿ ಇನ್ನೂ ದೊಡ್ಡದು ಸಿಗುತ್ತದೆ. ಒಂದು ಪದರ ಸಾಲದು, ಪಿನ್ನು ನಿಲ್ಲುವುದಿಲ್ಲ. ಎರಡು ತುಂಡು ಸಮನಾಗಿ ಕತ್ತರಿಸಿ. ರಟ್ಟಿನೊಳಗೆ ಅಲೆಅಲೆಯಾದ ಗೆರೆಗಳಿರುತ್ತವಲ್ಲ, ಒಂದರಲ್ಲಿ ಅವು ನೆಟ್ಟಗೆ, ಇನ್ನೊಂದರಲ್ಲಿ ಅಡ್ಡಡ್ಡ ಬರುವಂತೆ ಇಟ್ಟು ಅಂಟಿಸಬೇಕು. ಒಂದೇ ದಿಕ್ಕಿಗಿಟ್ಟರೆ ಬೋರ್ಡು ಆ ಗೆರೆಗುಂಟ ಮಡಿಚಿಕೊಳ್ಳುತ್ತದೆ. ಅಂಟಿಗೆ ಮೈದಾ ಸಾಕು: ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿ, ಹೊಳಪು ಬಂದ ಮೇಲೆ ಇಳಿಸಿ. ಪುಸ್ತಕಕ್ಕೆ ರಟ್ಟು ಕಟ್ಟುವವರು ಹುಳ ಬೀಳದಿರಲೆಂದು ಇದಕ್ಕೆ ಚೂರು ಮೈಲುತುತ್ತ ಹಾಕುತ್ತಾರೆ. ಅದು ವಿಷ. ಬೆರಳು ನೆಕ್ಕುವ ಮಕ್ಕಳಿರುವ ಮನೆಯಲ್ಲಿ ಬೇಡ, ಹುಳ ಬಂದರೆ ಬರಲಿ. ಅಂಟಿಸಿದ ರಟ್ಟನ್ನು ಒಂದು ರಾತ್ರಿ ಹಾಸಿಗೆಯಡಿ ಹಾಕಿ ಮಲಗಿದರೆ ಸಪಾಟಾಗುತ್ತದೆ.

ಮುಂಭಾಗಕ್ಕೆ ಮಾತ್ರ ಕಾಗದವೋ ಬಟ್ಟೆಯೋ ಅಂಟಿಸಿದರೆ ಅದು ಒಣಗುತ್ತ ಎಳೆದು ಬೋರ್ಡು ಬಾಗುತ್ತದೆ. ಹಿಂಭಾಗಕ್ಕೂ ಹಳೇ ಪೇಪರು ಅಂಟಿಸಿ ಎಳೆತ ಸರಿದೂಗಿಸಬೇಕು. ಮೇಲೆ ಹೊದಿಸಲು ಹಳೇ ಹತ್ತಿ ಸೀರೆ ಅಥವಾ ಹಾಸಿಗೆ ಬಟ್ಟೆ, ಬಣ್ಣ ಒಂದೇ ಇರಲಿ. ದೊಡ್ಡ ಹೂವಿನ ಸೀರೆ ಹೊದಿಸಿದರೆ ಮಗು ಬರೆದ ಹೂವು ಅದರಲ್ಲಿ ಕಳೆದೇ ಹೋಗುತ್ತದೆ. ಮೇಲಂಚಿನಲ್ಲಿ ಎರಡು ತೂತು ಮಾಡಿ ಹುರಿ ಪೋಣಿಸಿ ಕಿಟಕಿ ಸರಳಿಗೋ ಬೀರುವಿನ ಹಿಡಿಗೋ ಕಟ್ಟಿ. ಕರಾರುಪತ್ರಕ್ಕೆ ಭಂಗವಿಲ್ಲ. ಬಿಸಿಲು ನೇರ ಬೀಳುವ ಕಡೆ ಬೇಡ. ಸ್ಕೆಚ್ ಪೆನ್ನಿನ ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ, ಮೇಣದ ಕ್ರೇಯಾನ್ ತಡೆಯುತ್ತದೆ.

5. ಉನ್ನತಿ ಮೀಮಾಂಸೆ

ಉನ್ನತಿ ಎಂದರೆ ಇಲ್ಲಿ ಎತ್ತರ. ಆರು ವರ್ಷದ ಮಗುವಿನ ಕಣ್ಣು ನೆಲದಿಂದ ಹೆಚ್ಚುಕಡಿಮೆ ಮೂರೂವರೆ ಅಡಿಯಲ್ಲಿರುತ್ತದೆ, ದೊಡ್ಡವರದು ಐದಡಿಯ ಆಸುಪಾಸು. ಮಗಳ ಶಾಲೆಯ ಕಾರಿಡಾರಿನಲ್ಲಿ ಗಾಜಿನ ಬಾಗಿಲು, ಬೀಗ, ಟ್ಯೂಬ್‌ಲೈಟು ಸಮೇತ ಇರುವ ಡಿಸ್‌ಪ್ಲೇ ಬೋರ್ಡು ನನ್ನ ಎದೆಯ ಮಟ್ಟಕ್ಕೆ ಶುರುವಾಗುತ್ತದೆ. ಒಂದನೇ ಕ್ಲಾಸಿನ ಮಕ್ಕಳು ಅದರಡಿಯಲ್ಲಿ ಸಾಲಾಗಿ ಹೋಗುತ್ತಾರೆ, ತಮ್ಮ ಚಿತ್ರ ಎಲ್ಲಿದೆಯೆಂದು ಕತ್ತೆತ್ತಿ ಹುಡುಕುತ್ತಾರೆ, ಮಿಸ್ಸು 'ಲೈನ್, ಲೈನ್' ಅನ್ನುತ್ತಾರೆ. ಯಾರ ಕಣ್ಣಿಗೆಂದು ಹಾಕಿದ್ದು ಎಂದು ತಿಳಿಯಲು ಸಿದ್ಧಾಂತ ಬೇಡ, ಟೇಪು ಹಿಡಿದು ಅಳೆದರೆ ಸಾಕು.

ಇದಕ್ಕೆ ಪರಿಹಾರವನ್ನು ಎಲ್ಲಿಂದಲೋ ತರಬೇಕಾಗಿಯೂ ಇಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ, ಆಂಧ್ರದ ರಿಷಿವ್ಯಾಲಿಯ ಪದ್ಧತಿ ನೋಡಿಬಂದ ಮೇಷ್ಟರುಗಳು ಯುನಿಸೆಫ್ ನೆರವಿನಿಂದ ಆರಂಭಿಸಿದ ನಲಿ-ಕಲಿಯಲ್ಲಿ ಅದು ಆಗಲೇ ಇತ್ತು. ಗೋಡೆಯ ಕೆಳಭಾಗದಲ್ಲಿ ಮಕ್ಕಳು ಕೂತೇ ಬರೆಯುವ ಕಪ್ಪು ಹಲಗೆ. ಕೋಣೆಯ ಉದ್ದಗಲಕ್ಕೆ ದಾರ ಕಟ್ಟಿ ಮಕ್ಕಳು ಮಾಡಿದ್ದನ್ನು ಇಳಿಬಿಡುವ ಕಲಿಕಾ ಚಪ್ಪರ. ಲಂಬಕ ಸಂಪ್ರದಾಯ ಅಂತ ನಾನು ದೊಡ್ಡದಾಗಿ ಹೆಸರಿಟ್ಟೆನಲ್ಲ, ಅಕ್ಕನ ತರಗತಿಯಲ್ಲಿ ಅದು ದಿನನಿತ್ಯದ ಸಾಮಾನು. ಅಕ್ಕನ ಚಪ್ಪರದಲ್ಲಿ ಎಲ್ಲ ಮಕ್ಕಳ ಚಿತ್ರವೂ ಇರುತ್ತದೆ, ಒಂದು ಬರೀ ಸುತ್ತು ಸುತ್ತಿದ್ದು, ಒಂದು ಅರ್ಧಕ್ಕೇ ಬಿಟ್ಟದ್ದು. ಮೇಲಿನವರೊಬ್ಬರು ಭೇಟಿಗೆ ಬಂದವರು 'ಏನಮ್ಮಾ, ನೋಡೋ ಹಾಗಿರೋದು ಒಂದೂ ಇಲ್ವಲ್ಲ' ಅಂದರಂತೆ. 'ಕುಕ್ಕರುಗಾಲಲ್ಲಿ ಕೂತು ನೋಡಿ ಸಾರ್, ಕಾಣುತ್ತೆ' ಅಂದಳಂತೆ ಅಕ್ಕ. ಭೇಟಿ ಪುಸ್ತಕದಲ್ಲಿ 'ತರಗತಿ ಕೋಣೆ ಇನ್ನೂ ಆಕರ್ಷಕವಾಗಿರಬೇಕು' ಎಂದು ಷರಾ ಬಿತ್ತು. ಈಗ ಅವಳು ಪಾಠ ನಿಲ್ಲಿಸಿ ಚಪ್ಪರದ ಫೋಟೋ ತೆಗೆದು ಗ್ರೂಪಿಗೆ ಹಾಕಬೇಕು, ಹಾಕಿದ್ದಕ್ಕೆ ಪುರಾವೆ ಬೇರೆ.

6. ಚಿತ್ರಾಧಿಕಾರ, ಅಥವಾ ಯಾವ ಚಿತ್ರಕ್ಕೆ ಬೋರ್ಡಿನಲ್ಲಿ ಜಾಗ

ಕರ್ನಾಟಕದ ಮಕ್ಕಳೆಲ್ಲ ಬರೆಯುವ ಒಂದು ಚಿತ್ರವಿದೆ. ಎರಡು ತ್ರಿಕೋನ ಬೆಟ್ಟ, ನಡುವೆ ಕಿರಣ ಬಿಟ್ಟ ಸೂರ್ಯ, ಅಲ್ಲಿಂದಲೇ ಇಳಿದು ಬರುವ ಹೊಳೆ, ಒಂದು ಹೆಂಚಿನ ಮನೆ, ಒಂದು ತೆಂಗಿನಮರ, ಆಕಾಶದಲ್ಲಿ ಟಿಕ್ ಮಾರ್ಕಿನಂಥ ಹಕ್ಕಿಗಳು. ಶಾಸ್ತ್ರೀಯ ಅನುಕೂಲಕ್ಕಾಗಿ ಇದನ್ನು 'ಅಖಿಲ ಕರ್ನಾಟಕ ದೃಶ್ಯ' ಎನ್ನೋಣ. ಕಲಬುರಗಿಯಲ್ಲಿ ತೊಗರಿ ಹೊಲದ ಪಕ್ಕದ ಮನೆಯ ಮಗುವೂ ತೆಂಗಿನಮರ ಬರೆಯುತ್ತದೆ. ಹುಟ್ಟಿದಾಗಿನಿಂದ ಹೊಳೆ ನೋಡದ ಕೋಲಾರದ ಮಗುವೂ ಹೊಳೆ ಹರಿಸುತ್ತದೆ. ಬೆಂಗಳೂರಿನಲ್ಲಿ ಮೂರನೇ ಮಹಡಿಯಲ್ಲಿರುವ ನನ್ನ ಮಗಳು ಹೆಂಚಿನ ಮನೆ ಬರೆದು ಹೊಗೆಗೂಡೂ ಇಟ್ಟಳು. ಯಾರು ಹೇಳಿಕೊಟ್ಟರು ಎಂದರೆ 'ಸೀನರಿ ಅಂದ್ರೆ ಹಾಗೇ ಅಪ್ಪ' ಅಂದಳು. ಡಿಸ್‌ಪ್ಲೇ ಬೋರ್ಡಿನಲ್ಲಿ ಹೋಗಿ ಕೂತದ್ದು ಅದೇ.

ಬೋರ್ಡಿಗೆ ಹೋಗದೆ ವಾಪಸ್ ಬಂದದ್ದು ಇನ್ನೊಂದು. ಅವಳ ಅಜ್ಜಿಯ ಚಿತ್ರ. ಹಾಳೆ ತುಂಬ ಅಜ್ಜಿ, ಹೊಟ್ಟೆಯಲ್ಲಿ ಎರಡು ಇಡ್ಲಿ ಸ್ಪಷ್ಟವಾಗಿ ಕಾಣುತ್ತವೆ, ಒಂದು ಕಿವಿಯಿಂದ ವಾಲೆ ನೆಲದ ತನಕ ಇಳಿದಿದೆ. ಮೈಬಣ್ಣ ನೇರಳೆ. ಲ್ಯೂಕೆ ನೋಡಿದ್ದರೆ ಎದ್ದು ನಿಲ್ಲುತ್ತಿದ್ದ. ಹಾಳೆಯ ಮೂಲೆಯಲ್ಲಿ ಕೆಂಪು ಇಂಕು: 'ಕಲರ್ ಸರಿಯಿಲ್ಲ. ನೀಟಾಗಿ ಮಾಡಿಸಿ ಕಳಿಸಿ.'

ಇಲ್ಲಿಂದ ಮುಂದೆ ಪ್ರಬಂಧದ ಶೈಲಿ ಕಾಪಾಡಿಕೊಳ್ಳುವುದು ಕಷ್ಟ. ಯಾರಿಂದ ಮಾಡಿಸಬೇಕು? ನನ್ನಿಂದಲೇ? ಹಾಗೇ ಆಗುತ್ತಿದೆ ತಾನೇ. 'ಕಸದಿಂದ ರಸ' ಎಂದು ಭಾನುವಾರ ಸಂಜೆ ಪೋಷಕರ ಗ್ರೂಪಿಗೆ ಮೆಸೇಜು ಬೀಳುತ್ತದೆ, ಸೋಮವಾರ ಬೆಳಿಗ್ಗೆ ತರಬೇಕು. ಸ್ಟೇಷನರಿ ಅಂಗಡಿ ಮುಂದೆ ಅಪ್ಪಅಮ್ಮಂದಿರ ಜಾತ್ರೆ. ಬಿಸಾಡಿದ್ದರಿಂದ ಮಾಡಬೇಕಾದ್ದಕ್ಕೆ ಹೊಸ ಸಾಮಾನಿನ ಕಿಟ್ಟು, ಪ್ಲಾಸ್ಟಿಕ್ ಕವರಿನಲ್ಲಿ. 'ಫಸ್ಟ್ ಸ್ಟ್ಯಾಂಡರ್ಡಾ ಸಾರ್? ಸೌರಮಂಡಲ ಇದೆ, ಗ್ರಹಕ್ಕೆಲ್ಲ ಬಣ್ಣ ಹೊಡೆದೇ ಇದೆ, ಬರೀ ಜೋಡಿಸಿದ್ರೆ ಆಯ್ತು.' ಮಕ್ಕಳು ಅಂಗಡಿ ಕಟ್ಟೆ ಮೇಲೆ ನಿದ್ದೆ ತೂಗುತ್ತಿರುತ್ತವೆ. ಬೆಳಿಗ್ಗೆ ಅಪ್ಪಂದಿರ ಶನಿಗ್ರಹಗಳೆಲ್ಲ ಗಾಜಿನ ಬೋರ್ಡಿಗೆ ಹೋಗುತ್ತವೆ, ಕೆಳಗೆ ಮಕ್ಕಳ ಹೆಸರು. ಆ ಮಗುವಿಗೆ ಗೊತ್ತಿರುವುದಿಲ್ಲವೇ ಅದು ತನ್ನದಲ್ಲವೆಂದು? ಆರು ವರ್ಷಕ್ಕೇ ಬೇರೆಯವರ ಕೆಲಸದ ಕೆಳಗೆ ತನ್ನ ಹೆಸರು ಹಾಕಿಕೊಂಡು ಚಪ್ಪಾಳೆ ತೆಗೆದುಕೊಳ್ಳುವುದನ್ನು ಕಲಿಸುತ್ತಿದ್ದೇವೆ. ಅದು ಯಾವ ಕಲಿಕಾ ಫಲದ ಕೆಳಗೆ ಬರುತ್ತದೆಯೋ ಸಂಪನ್ಮೂಲ ವ್ಯಕ್ತಿಗಳು ಹೇಳಲಿ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಕಲೆಯನ್ನು ಶಾಲೆಯ ಪ್ರತಿ ಹಂತದಲ್ಲೂ ಒಂದು ವಿ‍ಷಯವಾಗಿಯೇ ಕಲಿಸಬೇಕು ಎಂದಿತು. ಆದರೆ ಪರೀಕ್ಷೆ ಹತ್ತಿರ ಬಂದಾಗ ಮೊದಲು ಬಲಿಯಾಗುವುದು ಡ್ರಾಯಿಂಗ್ ಪೀರಿಯಡ್ಡೇ, ಗಣಿತದವರು ಬಂದು ಕೂರುತ್ತಾರೆ. ಮಗು ಒಂಬತ್ತು ಹತ್ತು ವರ್ಷಕ್ಕೆ ಬಂದಾಗ ತಾನು ಬರೆದದ್ದನ್ನು ತಾನೇ ಟೀಕಿಸತೊಡಗುತ್ತದೆ, ಅದು ಬೆಳವಣಿಗೆಯ ಸಹಜ ಹಂತ ಎಂದು ಕಲಾ ಶಿಕ್ಷಣ ತಜ್ಞ ವಿಕ್ಟರ್ ಲೋವೆನ್‌ಫೆಲ್ಡ್ 1947ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಇರಬಹುದು. ಆದರೆ ಐದನೇ ಕ್ಲಾಸಿನ ಹೊತ್ತಿಗೆ ಇಡೀ ತರಗತಿ 'ನಂಗೆ ಡ್ರಾಯಿಂಗ್ ಬರಲ್ಲ' ಎನ್ನುವುದರಲ್ಲಿ ಸಹಜ ಎಷ್ಟು, ಕೆಂಪು ಇಂಕಿನ ಪಾಲು ಎಷ್ಟು? ನನಗೂ ಬರಲ್ಲ. ನಿಮಗೂ ಬರುವುದಿಲ್ಲ, ಬಹುಶಃ. ನಾವೆಲ್ಲ ಒಂದು ಕಾಲಕ್ಕೆ ಗೋಡೆ ತುಂಬ ಬರೆದವರೇ, ಇದ್ದಿಲಿನಲ್ಲಿ, ಸೀಮೆಸುಣ್ಣದಲ್ಲಿ. ಆಮೇಲೆ ಯಾರೋ ಆಕಾಶ ನೀಲಿ, ಎಲೆ ಹಸಿರು, ಅಜ್ಜಿ ನೇರಳೆಯಿಲ್ಲ ಎಂದು ಹೇಳಿಕೊಟ್ಟರು. ಕಲಿತೆವು, ನಿಲ್ಲಿಸಿದೆವು. ಇದನ್ನು ಬರೆಯುವಾಗ ಪರಿಭಾಷೆ ಯಾವುದೂ ಕೈಗೆ ಸಿಗುತ್ತಿಲ್ಲ.

ಆದ್ದರಿಂದ ನಮ್ಮ ಬೋರ್ಡಿನ ನಡುವೆ ಇಡ್ಲಿ ಅಜ್ಜಿಯನ್ನು ಹಾಕಲಾಗಿದೆ. ಕೆಂಪು ಇಂಕನ್ನು ಕತ್ತರಿಸಿ ತೆಗೆಯೋಣವೆಂದರೆ ಮಗಳು ಒಪ್ಪಲಿಲ್ಲ, ಮಿಸ್ಸಿನ ಕೈಬರಹ ಚೆನ್ನಾಗಿದೆಯಂತೆ. ಬೋರ್ಡಿನಿಂದ ಏನು ತೆಗೆಯಬೇಕು, ಏನು ಹಾಕಬೇಕು ಎಂಬುದು ಅವಳಿಗೆ ಬಿಟ್ಟದ್ದು. ತೆಗೆದದ್ದರ ಬೆನ್ನಿಗೆ ಪೆನ್ಸಿಲಿನಲ್ಲಿ ತಾರೀಖು, ಚಿತ್ರದ ಬಗ್ಗೆ ಅವಳೇ ಹೇಳಿದ ಮಾತು ಬರೆದು ಸೂಟ್‌ಕೇಸಿನಲ್ಲಿ ಹರಡಿ ಇಡುತ್ತೇವೆ. ಸುತ್ತಿಟ್ಟರೆ ಕ್ರೇಯಾನ್ ಬಿರುಕು ಬಿಟ್ಟು ಉದುರುತ್ತದೆ.

7. ಮುಂದಿನ ಸಂಶೋಧನೆಗೆ ಅವಕಾಶಗಳು

ಮೈದಾ ಅಂಟಿಗೂ ಜಿರಲೆಗೂ ಇರುವ ಆತ್ಮೀಯ ಸಂಬಂಧವನ್ನು ಪ್ರತ್ಯೇಕವಾಗಿ ಅಧ್ಯಯನ ಮಾಡಬೇಕಿದೆ. ಮಳೆಗಾಲದಲ್ಲಿ ರಟ್ಟು ಉಬ್ಬುವ ಪ್ರಶ್ನೆ ಮಲೆನಾಡಿನ ಸಂಶೋಧಕರಿಗೆ ಬಿಟ್ಟದ್ದು. ಬೋರ್ಡಿನ ಹಿಂದೆ ಹಲ್ಲಿ ಸಂಸಾರ ಹೂಡಿದರೆ ಅದನ್ನು ಬಾಡಿಗೆದಾರನೆಂದು ಪರಿಗಣಿಸಬೇಕೇ ಎಂಬುದರ ಬಗ್ಗೆ ಓನರ್ ಜೊತೆ ಸಂವಾದ ಇನ್ನೂ ಸಾಧ್ಯವಾಗಿಲ್ಲ.

ಪ್ರಬಂಧ ಮುಗಿಯುವ ಹೊತ್ತಿಗೆ ಶಾಲೆಯಿಂದ ಮೆಸೇಜು ಬಂದಿದೆ. ಕಾರ್ಯಾಗಾರದ ಮುಂದುವರಿದ ಭಾಗವಾಗಿ 'ನಮ್ಮ ಮನೆಯ ಆರ್ಟ್ ಕಾರ್ನರ್' ಎಂಬ ಸ್ಪರ್ಧೆ. ಪ್ರತಿ ಮನೆಯವರೂ ಮಕ್ಕಳ ಚಿತ್ರದ ಬೋರ್ಡು ಮಾಡಿ ಸೋಮವಾರದೊಳಗೆ ಫೋಟೋ ಕಳಿಸಬೇಕು, ಬೋರ್ಡು ನೀಟಾಗಿರಬೇಕು, ಬಹುಮಾನ ಇದೆ. ಪೋಷಕರ ಗ್ರೂಪಿನಲ್ಲಿ ಒಬ್ಬರು ಆಗಲೇ ರೆಡಿಮೇಡ್ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದಾರೆ. ಅದೇ ಸ್ಟೇಷನರಿ ಅಂಗಡಿಯಲ್ಲಿ ಸ್ಟಾಕು ಬಂದಿದೆಯಂತೆ, ಚಿತ್ರಗಳನ್ನೂ ಅಂಟಿಸಿಯೇ ಕೊಡುತ್ತಾರಂತೆ.